ಅಲ್ವಿನ್ ಬಿಚ್ಚಿ ಹೊಲಿದ ಪುಸ್ತಕ

ಬೋಗಾದಿಯ ಹಳೇ ಊರಿನ ಕಡೆ, ನಮ್ಮ ಮನೆಯ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಡಿಗೆಗಿರುವವನು ಅಲ್ವಿನ್. ಮೇಟಗಳ್ಳಿಯ ಒಂದು ಪ್ರೆಸ್ಸಿನಲ್ಲಿ ಬೈಂಡರ್. ಅವನು ಹೊಲಿದ ಪುಸ್ತಕವನ್ನು ಎರಡು ದಸರಾ ಆನೆಗಳಿಗೆ ಕಟ್ಟಿ ಆ ಕಡೆ ಈ ಕಡೆ ಎಳೆಸಿದರೆ ಆನೆಗಳು ಸುಸ್ತಾಗಿ ಮಲಗಿಯಾವೇ ಹೊರತು ಒಂದು ಹಾಳೆ ಈಚೆ ಬರುವುದಿಲ್ಲ. ನಾಳೆ ಚಾಮುಂಡಿ ಬೆಟ್ಟ ಬಿರುಕು ಬಿಟ್ಟರೆ ಸರ್ಕಾರದವರು ಸಿಮೆಂಟು ತರಿಸುವುದು ದಂಡ, ಅಲ್ವಿನ್ ಕೈಗೆ ಸೂಜಿ ದಾರ ಕೊಟ್ಟರೆ ಸಾಕು. ಚರ್ಚಿನಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೇಳಿ ತಂದು ದಾರಕ್ಕೆ ಸವರುತ್ತಿದ್ದ. ಆ ಪ್ರೆಸ್ಸಿನಲ್ಲಿ ಬೇರೆ ಯಾರಿಗೂ ಅಷ್ಟು ತಾಳ್ಮೆಯಿಲ್ಲ. ಇಷ್ಟು ಪುಸ್ತಕ ಹೊಲಿದವನು ಒಂದನ್ನೂ ಓದಿದವನಲ್ಲ. ದಿನವಿಡೀ ಒಗ್ಗರಣೆ ಹೊಗೆ ಕುಡಿದ ಭಟ್ಟನಿಗೆ ಊಟ ಸೇರುವುದಿಲ್ಲವಲ್ಲ, ಹಾಗೆ.

ಹೆಂಡತಿ ಜಾನ್ಸಿ ಮೊದಲ ಸಲ ಬಸುರಾದಾಗ ಅವನಿಗೆ ಪುಸ್ತಕದ ಹುಚ್ಚು ಹತ್ತಿತು. ಕಾರಣ ಅವನ ತಾಯಿ ಲೂಸಿಯಮ್ಮ. ಮಗು ಹುಟ್ಟುವ ಮುಂಚೆ ಅದರ ಹೆಸರಿನಲ್ಲಿ ಒಂದು ಟೋಪಿಯೂ ಮನೆಯೊಳಗೆ ಬರಕೂಡದು ಎಂಬುದು ಆಕೆಯ ಕಾನೂನು. ಕುಲಾವಿ ಇಲ್ಲ, ಗಿಲಕಿ ಇಲ್ಲ, ತೊಟ್ಟಿಲಿನ ಮಾತೇ ಇಲ್ಲ. ಅಲ್ವಿನ್‌ಗೋ ಏನಾದರೂ ಕೊಳ್ಳದಿದ್ದರೆ ಕೈ ತುರಿಕೆ. ಕೊನೆಗೆ ಕಾನೂನಿನಲ್ಲಿ ಒಂದು ಸಂದು ಹುಡುಕಿದ. ಪುಸ್ತಕ ಮಗುವಿನ ವಸ್ತುವಲ್ಲ, ಅಪ್ಪ ಅಮ್ಮನ ವಸ್ತು. ಲೂಸಿಯಮ್ಮ ಒಂದು ವಾರ ಯೋಚಿಸಿ ಒಪ್ಪಿದರು.

ದಸರೆಯ ಪುಸ್ತಕ ಮೇಳಕ್ಕೆ ನನ್ನನ್ನೂ ಎಳೆದುಕೊಂಡು ಹೋದ. ಶಿಶುಪಾಲನೆಯ ಪುಸ್ತಕಗಳು ಅಲ್ಲಿ ಕಾವೇರಿಯ ಪ್ರವಾಹದ ಹಾಗೆ ಬಂದು ಬಿದ್ದಿದ್ದವು. ಅಲ್ವಿನ್ ಒಂದರ ಹೆಸರನ್ನೂ ನೋಡಲಿಲ್ಲ. ಬೆನ್ನು ಹಿಡಿದು ಬಗ್ಗಿಸುವುದು, ನಡುವೆ ಬಿಡಿಸಿ ಮೂಸುವುದು, ಕೆಳಗಿಡುವುದು. ಬರೀ ಗೋಂದು ಬಳಿದದ್ದು ಬೇಡ, ಮಗು ಹುಟ್ಟುವುದರೊಳಗೆ ಹಾಳೆ ಉದುರುತ್ತದೆ. ಪಿನ್ನು ಹೊಡೆದದ್ದು ಬೇಡ, ತುಕ್ಕು ಹಿಡಿದು ಮಗುವಿಗೆ ಚುಚ್ಚುತ್ತದೆ. ಹಂಪಾಪುರದ ಕುಂಬಳಕಾಯಿಯಂಥ ಕೆನ್ನೆಯ ಮಗುವನ್ನು ರಟ್ಟಿನ ಮೇಲೆ ನಗಿಸಿದ್ದ ಪುಸ್ತಕವೊಂದನ್ನು ಅವನು ಎಳೆದು ನೋಡಿದ ರಭಸಕ್ಕೆ ಅಂಗಡಿಯವನು ಓಡಿಬಂದು ಉಳಿದವನ್ನು ಮೇಜಿನಡಿಗೆ ಬಚ್ಚಿಟ್ಟ. ಹೀಗೆ ಊರಿನ ಪುಸ್ತಕಗಳನ್ನೆಲ್ಲ ಹಿಂಸಿಸಿ ಕಡೆಗೆ ಆರಿಸಿದ್ದು ಬೂದು ರಟ್ಟಿನ, ಚಿತ್ರವಿಲ್ಲದ, ದಾರದಲ್ಲಿ ಹೊಲಿದ ದಪ್ಪ ಪುಸ್ತಕ. ಬರೆದವರು ಯಾರೋ ಹೆರಿಗೆ ಡಾಕ್ಟರಮ್ಮ. ಹೊಲಿಗೆ ನೋಡಿ ಕೊಂಡಿದ್ದಾದರೂ ಅದೃಷ್ಟಕ್ಕೆ ಒಳ್ಳೆಯದೇ ಸಿಕ್ಕಿತ್ತು.

ಜಾನ್ಸಿ ಚರ್ಚಿಗೆ ಹೋಗಿದ್ದ ಸಂಜೆ ಅಲ್ವಿನ್ ಜಗಲಿಯಲ್ಲಿ ಕೂತು ತಾಯಿಗೆ ಅದನ್ನು ಓದಿ ಹೇಳಿದ. ಏನು ತಿನ್ನಬೇಕು, ಹೇಗೆ ಮಲಗಬೇಕು ಎನ್ನುವವರೆಗೆ ಲೂಸಿಯಮ್ಮ ತಲೆಯಾಡಿಸಿದರು. ಆಮೇಲೆ ಬಸುರಿನಲ್ಲಿ ಬರುವ ಅಪಾಯಗಳ ಅಧ್ಯಾಯ ಬಂತು. ರಕ್ತ, ನಂಜು, ಫಿಟ್ಸು, ಹೊಟ್ಟೆಯಲ್ಲೇ ಹೋಗುವ ಮಗು. ಲೂಸಿಯಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ಇಂಥಾ ಮಾತು ಬಸುರಿ ಕಿವಿಗೆ ಬೀಳ್ಬಾರ್ದು ಕಣೋ. ತೆಗೆದ್ಬುಡು ಅದ್ನ."

ಬೇರೆ ಯಾವ ಗಂಡನಾದರೂ ಪುಸ್ತಕವನ್ನೇ ಅಟ್ಟದ ಮೇಲೆ ಎಸೆಯುತ್ತಿದ್ದ, ಇಲ್ಲವೇ ಹಾಳೆ ಹರಿಯುತ್ತಿದ್ದ. ಹರಿದರೆ ಜಾನ್ಸಿಗೆ ಗೊತ್ತಾಗುತ್ತಿತ್ತು. ಅಲ್ವಿನ್ ಬೈಂಡರ್. ಹದಿನಾರು ಪುಟದ ಒಂದು ಮಡಿಕೆಗೆ ಪ್ರೆಸ್ಸಿನವರು ಫಾರಂ ಅನ್ನುತ್ತಾರೆ. ಆ ಅಧ್ಯಾಯ ಸರಿಯಾಗಿ ಒಂದು ಫಾರಮ್ಮಿನಲ್ಲಿ ಕೂತಿತ್ತು. ಪುಸ್ತಕವನ್ನು ಪ್ರೆಸ್ಸಿಗೆ ಒಯ್ದು, ಹೊಲಿಗೆ ಬಿಚ್ಚಿ, ಆ ಫಾರಂ ತೆಗೆದು, ಉಳಿದದ್ದನ್ನು ಮತ್ತೆ ಹೊಲಿದು ಅದೇ ರಟ್ಟು ಕೂರಿಸಿದ. ಬರೆದ ಡಾಕ್ಟರಮ್ಮನೇ ಬಂದಿದ್ದರೂ ಮುಟ್ಟಿ ಗುರುತು ಹಿಡಿಯುತ್ತಿರಲಿಲ್ಲ. ಪುಸ್ತಕದ ಮೊದಲಿಗಿದ್ದ ಪರಿವಿಡಿಯನ್ನು ಮಾತ್ರ ಮರೆತ.

ಜಾನ್ಸಿ ಪುಸ್ತಕವನ್ನು ಬೈಬಲ್ಲಿನ ಪಕ್ಕದಲ್ಲೇ ಇಟ್ಟುಕೊಂಡಳು. ಏಳು ತಿಂಗಳು ತುಂಬಿದ ಮೇಲೆ ಕಾಲು ಊದಿತು. ಅದು ಸಾಮಾನ್ಯ, ಕಾಲು ಎತ್ತರದಲ್ಲಿಟ್ಟು ಮಲಗಿ ಎಂದು ಪುಸ್ತಕದಲ್ಲಿತ್ತು, ಮಲಗಿದಳು. ಆಮೇಲೆ ಒಂದು ಬೆಳಿಗ್ಗೆ ಉಂಗುರ ಬೆರಳಿನಿಂದ ಬರಲಿಲ್ಲ, ತಲೆ ಸಿಡಿಯತೊಡಗಿತು, ಗೋಡೆಯ ಮೇಲಿನ ಯೇಸುವಿನ ಪಟ ಮಂಜಾಗಿ ಕಂಡಿತು. ಪರಿವಿಡಿಯಲ್ಲಿ 'ತಲೆನೋವು, ಊತ' ಎಂದಿತ್ತು. ಪುಟ ತಿರುವಿದಳು. ಆ ಪುಟ ಇರಲಿಲ್ಲ. ಫಾರಂ ಬಿಟ್ಟುಹೋಗುವ ಬೈಂಡರುಗಳನ್ನು ಗಂಡ ದಿನಾ ಬೈಯುವುದು ಕೇಳಿದ್ದವಳು, ಇದೂ ಅಂಥದ್ದೇ, ಸಂಜೆ ಕೇಳೋಣ ಅಂದುಕೊಂಡಳು. ಡಾಕ್ಟರು ಬರಹೇಳಿದ್ದ ದಿನಕ್ಕೆ ಇನ್ನೂ ವಾರವಿತ್ತು. ಲೂಸಿಯಮ್ಮ ಉಷ್ಣ ಎಂದು ಲಾವಂಚದ ನೀರು ಕೊಟ್ಟು ನೆತ್ತಿಗೆ ಹರಳೆಣ್ಣೆ ಹಾಕಿದರು. ಅಂದು ಪ್ರೆಸ್ಸಿನಲ್ಲಿ ಹೊಸವರ್ಷದ ಡೈರಿಗಳ ರಾಶಿ. ಅಲ್ವಿನ್ ಬರುವ ಹೊತ್ತಿಗೆ ಅವಳು ಮಲಗಿದ್ದಳು.

ಬೆಳಗಾಗುವಾಗ ಫಿಟ್ಸು ಬಂತು. ಎದುರು ಮನೆಯ ಶಿವಶಂಕರ್ ತನ್ನ ಆಟೋ ತೆಗೆದ. ಆಸ್ಪತ್ರೆಯಲ್ಲಿ ಡಾಕ್ಟರು, ತಲೆನೋವು ಯಾವಾಗಿನಿಂದ ಎಂದು ಕೇಳಿದರು. ನೆನ್ನೆಯಿಂದ ಎಂದರು ಲೂಸಿಯಮ್ಮ. ಡಾಕ್ಟರು ಬೇರೆ ಏನೂ ಕೇಳದೆ ಒಳಗೆ ಹೋದರು. ಜಾನ್ಸಿ ಉಳಿದಳು. ಹೆಣ್ಣು ಮಗು, ಉಸಿರಾಡಲಿಲ್ಲ. ಅದಕ್ಕೆ ಹಾಕಲು ಒಂದು ಟೋಪಿಯೂ ಮನೆಯಲ್ಲಿರಲಿಲ್ಲ. ಲೂಸಿಯಮ್ಮ ಚರ್ಚಿನ ಪೂಜೆಗೆ ಹೋಗುವಾಗ ತಲೆಗೆ ಹೊದೆಯುವ ಬಿಳಿ ವೇಲಿನಲ್ಲೇ ಅದನ್ನು ಸುತ್ತಿ ಕೊಟ್ಟರು. ಸಮಾಧಿಗೆ ನಾನೂ ಹೋಗಿದ್ದೆ. ಅಲ್ಲಿಯದನ್ನು ನಾನು ಹೆಚ್ಚು ಮಾಡಿ ಹೇಳಲಾರೆ.

ಆ ಕ್ರಿಸ್ಮಸ್ಸಿಗೆ ಅವರು ನಕ್ಷತ್ರ ಕಟ್ಟಲಿಲ್ಲ. ಹಬ್ಬದ ಮಾರನೇ ದಿನ ನಾನು ಅವರ ಜಗಲಿಯಲ್ಲಿ ಕೂತಿದ್ದಾಗ ಜಾನ್ಸಿ ಆ ಪುಸ್ತಕ ಹಿಡಿದು ಹೊರಗೆ ಬಂದಳು.

"ರೀ, ಇದ್ರಲ್ಲಿ ಒಂದು ಫಾರಂ ಇಲ್ಲ."

"ಬೈಂಡ್ ಮಾಡಿದೋರು ಬಿಟ್ಟಿರ್ಬೇಕು," ಎಂದ ಅಲ್ವಿನ್, ಬೀದಿ ನೋಡುತ್ತಾ.

ಅವಳು ಪುಸ್ತಕವನ್ನು ನಡುವೆ ಬಿಡಿಸಿ ಉಗುರಿನಿಂದ ದಾರ ಕೆರೆದಳು. ಉಗುರನ್ನು ಅವನ ಮುಂದೆ ಹಿಡಿದಳು. "ಬಿಟ್ಟೋರೂ ದಾರಕ್ಕೆ ಚರ್ಚಿನ ಮೇಣ ಸವರ್ತಾರಾ?"

ಬಾಗಿಲ ಹಿಂದಿನಿಂದ ಲೂಸಿಯಮ್ಮ, "ನಾನೇ ತೆಗೆಸಿದ್ದು ಕಣಮ್ಮ. ನೀನು ಹೆದರ್ಕೋಬಾರ್ದು ಅಂತ," ಎಂದರು.

ಜಾನ್ಸಿ ಆ ಕಡೆ ತಿರುಗಲಿಲ್ಲ. "ಎಲ್ಲಿದೆ?"

ಅಚ್ಚಾದ ಹಾಳೆಯನ್ನು ಬೈಂಡರ್ ಎಸೆಯುವುದಿಲ್ಲ. ಅದು ಪ್ರೆಸ್ಸಿನಲ್ಲೇ, ಅವನು ರಟ್ಟು ಒತ್ತಲು ಇಡುವ ಕಲ್ಲಿನಡಿಯಲ್ಲಿತ್ತು. ಮರುಸಂಜೆ ತಂದ. ಜಾನ್ಸಿ ಅದನ್ನು ಜಗಲಿಯಲ್ಲೇ ಪೂರ್ತಿ ಓದಿದಳು. ಕಣ್ಣು ಮಂಜಾಗುವುದು, ಕೈ ಮುಖ ಊದುವುದು, ಬಿಡದ ತಲೆನೋವು, ಕಂಡ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂಬುದು, ಎಲ್ಲವೂ ಇತ್ತು. ಓದಿ ಮುಗಿಸಿ ಅವನ ಮಡಿಲಿಗೆ ಇಟ್ಟಳು.

"ಹೊಲೀರಿ. ಮೊದ್ಲಲ್ಲೇ ಹಾಕಿ."

"ಪುಟ ತಪ್ಪುತ್ತೆ ಕಣೇ."

"ತಪ್ಲಿ."

ಪುಟದ ಸರದಿ ಕೆಡಿಸಿ ಅಲ್ವಿನ್ ಹೊಲಿದದ್ದು ಅದೊಂದೇ ಪುಸ್ತಕ. ದಾರಕ್ಕೆ ಮೇಣ ಸವರಲು ಅವನ ಕೈ ಬರಲಿಲ್ಲ. ಗಂಟು ಎರಡು ಸಲ ಜಾರಿತು.

ಈ ವರ್ಷ ಶಿವಶಂಕರನ ಹೆಂಡತಿ ತನುಶ್ರೀ ಬಸುರಿ. ಜಾನ್ಸಿ ಪುಸ್ತಕ ಕೊಟ್ಟಳು. ಎರಡೇ ದಿನಕ್ಕೆ ತನುಶ್ರೀ ವಾಪಸ್ಸು ತಂದು, ಶುರುವಿನಲ್ಲೇ ಕೆಟ್ಟದ್ದಿದೆ, ಮನೆಯಲ್ಲಿಟ್ಟುಕೊಳ್ಳಬೇಡ ಅಂತ ಅತ್ತೆ ಅಂದರು ಎಂದು ಸಂಕೋಚಪಟ್ಟಳು. ಜಾನ್ಸಿ ಪುಸ್ತಕ ತೆಗೆದುಕೊಂಡಳು, ಅವಳ ಕೈಯನ್ನೂ ಹಿಡಿದುಕೊಂಡು ಬೆರಳಿನ ಉಂಗುರವನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಅವಳನ್ನು ನಮ್ಮಿಬ್ಬರ ಮನೆಯ ನಡುವಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಮೊದಲ ಪುಟದಿಂದಲೇ ಗಟ್ಟಿಯಾಗಿ ಓದತೊಡಗಿದಳು. ಒಳಗೆ ಲೂಸಿಯಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.