ಸೇತುವೆಯ ಕೆಳಗಿನ ಭಾರ

ಅಂತೋನಿ ಸಿದ್ದಿ ದಾಂಡೇಲಿಯ ಬಂಗೂರನಗರದ ಹತ್ತಿರ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಊರು ಹಳಿಯಾಳದ ಕಡೆಯ ಕಾಡಂಚಿನಲ್ಲಿ, ದೊಡ್ಡ ಹಳ್ಳದ ಆಚೆ. ಮಳೆಗಾಲದಲ್ಲಿ ಆ ಕೇರಿಯವರು ಹೊರಗೆ ಬರಬೇಕೆಂದರೆ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕಾಲುಸೇತುವೆಯೊಂದೇ ದಾರಿ. ನಡೆದರೆ ಅದು ಕುಣಿಯುತ್ತಿತ್ತು. ಜನ ಅದಕ್ಕೆ ಒಗ್ಗಿಹೋಗಿದ್ದರು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವನ ಹೆಂಡತಿ ಸಿಲ್ವಿಯಾ ಬಸುರಿಯಾದಳು. ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಡಾಕ್ಟರು ಹೇಳಿದ ದಿನಕ್ಕಿಂತ ಬಹಳ ಮೊದಲೇ, ನೋವು ಶುರುವಾಯಿತು. ಆಂಬ್ಯುಲೆನ್ಸು ಹಳ್ಳದ ಈಚೆ ದಡದವರೆಗೆ ಬಂದು ನಿಂತಿತು. ಅಂತೋನಿ, ಅವನ ಅಣ್ಣ ರೊಜಾರಿಯೊ, ಕೇರಿಯ ಇನ್ನಿಬ್ಬರು ಸೇರಿ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಅದರಲ್ಲಿ ಅವಳನ್ನು ಮಲಗಿಸಿ ಹೊತ್ತರು. ಜೋಲಿ ಅಲ್ಲಾಡಿ ಅವಳಿಗೆ ನೋವಾಗಬಾರದೆಂದು, ಮುಂದಿದ್ದ ಅಂತೋನಿ ಎಲ್ಲರ ಹೆಜ್ಜೆಯೂ ಒಟ್ಟಿಗೆ ಬೀಳುವಂತೆ ದನಿ ಕೊಡುತ್ತ ನಡೆದ.

ನಡುಮಧ್ಯಕ್ಕೆ ಬರುವಷ್ಟರಲ್ಲಿ ಸೇತುವೆ ಕಾಲಡಿಯಲ್ಲಿ ಏಳುತ್ತ ಬೀಳುತ್ತ ಹುಚ್ಚೆದ್ದಂತಾಯಿತು. ಹಿಂದಿದ್ದವನೊಬ್ಬ ಮೊಣಕಾಲೂರಿ ಕುಸಿದ. ಅಂತೋನಿ ಇನ್ನೂ ಗಟ್ಟಿಯಾಗಿ ದನಿ ಕೊಟ್ಟ; ಸೇತುವೆ ಇನ್ನೂ ಜೋರಾಗಿ ಕುಣಿಯಿತು. ಬೇರೆ ದಾರಿ ಕಾಣದೆ ಹಿಂದಿರುಗಿದರು. ಸೇತುವೆಯ ಕುಣಿತ ನಿಂತ ಮೇಲೆ ಅಣ್ಣತಮ್ಮ ಇಬ್ಬರೇ ಹೊತ್ತು, ಅಲ್ಲಲ್ಲಿ ನಿಲ್ಲುತ್ತ, ಹೇಗೋ ದಾಟಿಸಿದರು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ಸಿಲ್ವಿಯಾ ಉಳಿದಳು. ಹೆಣ್ಣುಮಗು ಉಳಿಯಲಿಲ್ಲ.

ಆಮೇಲೆ ಸಿಲ್ವಿಯಾ ಆ ಸೇತುವೆಯ ಮೇಲೆ ಕಾಲಿಡಲಿಲ್ಲ. ಹಳ್ಳದ ನೀರು ಇಳಿದ ಮೇಲಷ್ಟೇ ಕಲ್ಲುಗಳ ಮೇಲೆ ಕಾಲಿಟ್ಟು ಸಂತೆಗೆ ಹೋಗುವಳು. ಅಂತೋನಿ ಮಾತು ಕಡಿಮೆ ಮಾಡಿದ. ಸೇತುವೆ ಕಟ್ಟಿದವರನ್ನು ಬೈಯುವುದೊಂದೇ ಅವನಿಗೆ ಸಮಾಧಾನವಾಗಿತ್ತು.

ಎರಡು ಮಳೆಗಾಲ ಕಳೆದವು. ಕೇರಿಯವರ ದೂರು ಕೇಳಿ ಕೇಳಿ ಸಾಕಾದ ಪಂಚಾಯಿತಿಯವರು ಎಂಜಿನಿಯರಿಂಗ್ ಕಲಿಸುವ ಸುನಂದಾ ಎಂಬವರನ್ನು ಕರೆತಂದರು. ಅವರು ಜನರನ್ನು ಒಮ್ಮೆ ಹೇಗೆ ಬೇಕೋ ಹಾಗೆ, ಇನ್ನೊಮ್ಮೆ ಒಟ್ಟಿಗೆ ಹೆಜ್ಜೆ ಹಾಕಿಸಿ ನಡೆಸಿ, ಸೇತುವೆಯ ಕುಣಿತವನ್ನು ಅಳೆದರು. ನಡುವೆ, ಹಲಗೆಯ ಕೆಳಗೆ, ಸ್ಪ್ರಿಂಗಿಗೆ ಕಬ್ಬಿಣದ ಭಾರ ತೂಗುಬಿಡಬೇಕು ಎಂದರು. ಅದನ್ನು ಮಾಡುವ ಕೆಲಸ ಅಂತೋನಿಗೆ ಬಂತು.

ಚೌಕಟ್ಟು ಬೆಸೆಯುತ್ತ ಅವನು ಇದು ಯಾಕೆ ಹೀಗೆ ಕುಣಿಯುತ್ತದೆಂದು ಕೇಳಿದ.

“ಸೇತುವೆಗೆ ತಂದs ಒಂದು ಲಯ ಇರತೈತ್ರಿ,” ಎಂದರು ಸುನಂದಾ. “ಎಲ್ಲಾರೂ ಕೂಡಿ ಹಾಕೋ ಹೆಜ್ಜಿ ಆ ಲಯಕ್ಕ ಹೊಂದಿತಂದ್ರ, ಜೋಕಾಲಿಗೆ ಮತ್ತ ಮತ್ತ ನೂಕಿದಂಗ ಆಕ್ಕೈತಿ. ಈ ಭಾರ ಅದs ಲಯದಾಗ ಎದುರು ಕುಣದು ಆ ಜೋರು ತಾ ತಗೋತೈತಿ.”

“ಹೆಜ್ಜಿ ಕೂಡಲಿಲ್ಲಂದ್ರ?”

“ಆಗ ಇಷ್ಟು ಕುಣಿಯೂದಿಲ್ರಿ.”

ಅಂತೋನಿ ಬೆಸೆಯುವುದನ್ನು ನಿಲ್ಲಿಸಿದ, ಆದರೂ ವೆಲ್ಡಿಂಗಿನ ಮುಖಗವಸು ಎಳೆದುಕೊಂಡು ಕುಳಿತ. ಸುನಂದಾರಿಗೆ ಅವನ ಕತೆ ಗೊತ್ತಿರಲಿಲ್ಲ.

ಕೆಲಸ ಬಿಟ್ಟು ಹೋಗಬೇಕೆನ್ನಿಸಿತು, ಹೋಗಲಿಲ್ಲ. ಮೊದಲ ಸಲ ಭಾರ ಹೆಚ್ಚಾಗಿ, ಅದರ ಲಯ ಹೊಂದದೆ, ಸೇತುವೆ ಮೊದಲಿನಂತೆಯೇ ಕುಣಿಯಿತು. ಸುನಂದಾ ಹೇಳಿದಂತೆ ಭಾರದಿಂದ ಒಂದು ಕಬ್ಬಿಣದ ತಗಡು ತೆಗೆದ, ಮತ್ತೆ ನಡೆಸಿ ನೋಡಿದರು, ಮತ್ತೆ ತೆಗೆದ. ಕೊನೆಗೊಮ್ಮೆ ಕೇರಿಯ ಗಂಡಸರೆಲ್ಲ ಒಂದೇ ಹೆಜ್ಜೆ ಹಾಕಿ ನಡೆದರೂ ಹಲಗೆ ಸ್ವಲ್ಪವೇ ಮಿಸುಕಿತು. ಕೆಳಗೆ ಕಬ್ಬಿಣ ಮಾತ್ರ ಏಳುತ್ತ ಬೀಳುತ್ತ ಕುಣಿಯುತ್ತಿತ್ತು. ಜನ ನಕ್ಕು ಮಾತಾಡಿಕೊಂಡು ಇನ್ನೊಂದು ಸುತ್ತು ನಡೆದರು. ಅಂತೋನಿ ದಡಕ್ಕೆ ಬಂದು ಒಂದು ಬಂಡೆಯ ಮೇಲೆ ಕುಳಿತ. ರೊಜಾರಿಯೊ ಪಕ್ಕದಲ್ಲಿ ಬಂದು ಕುಳಿತ.

ಅಂದು ಸಂಜೆ, ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದ ಸಿಲ್ವಿಯಾಳಿಗೆ ಅವನು ಎಲ್ಲ ಹೇಳಿದ. ಸೇತುವೆಯದಲ್ಲ, ತನ್ನ ದನಿಯದೇ ತಪ್ಪು ಎಂದ. ಅವಳು ಸೊಪ್ಪಿನ ಮೇಲಿನ ಕಣ್ಣು ತೆಗೆಯಲಿಲ್ಲ. ಸೋಸುತ್ತಲೇ ಹೇಳಿದಳು.

“ಕಂಬಳಿ ಒಳಗ ನನಗೇನೂ ಕಾಣ್ತಿರಲಿಲ್ಲ. ನಿಮ್ಮ ದನಿ ಒಂದs ಕೇಳ್ತಿತ್ತು. ಅದನ್ನs ಹಿಡಕೊಂಡು ಜೀವಾ ಹಿಡದಿದ್ದೆ.”

ಅಷ್ಟು ಹೇಳಿ ಒಳಗೆ ಹೋದಳು. ಒಲೆಯ ಮುಂದೆ ಅವಳು ಅಳುವುದು ಅವನಿಗೆ ಕೇಳಿಸಿತು. ಒಳಗೆ ಹೋಗಿ ಗೋಡೆಗೊರಗಿ ಅವನೂ ಕುಳಿತ.

ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಈಗ ಮಳೆಗಾಲದಲ್ಲೂ ಸಿಲ್ವಿಯಾ ಸೇತುವೆ ದಾಟುತ್ತಾಳೆ, ಆದರೆ ನಡುವೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಪ್ರತಿ ವರ್ಷ ಮಳೆಗೆ ಮುಂಚೆ ಅಂತೋನಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸೇತುವೆಯ ಕೆಳಗಿಳಿದು ಸ್ಪ್ರಿಂಗುಗಳ ತುಕ್ಕು ಉಜ್ಜಿ ತೆಗೆಯುತ್ತಾನೆ. ಮೇಲೆ ಯಾರಾದರೂ ನಡೆದರೆ ಕಬ್ಬಿಣ ಅವನ ಮುಖದ ಹತ್ತಿರವೇ ಮಿಡುಕತೊಡಗುತ್ತದೆ. ಅದು ನಿಲ್ಲುವವರೆಗೆ ಅವನು ಕೈ ಹಿಂದೆಳೆದುಕೊಂಡು ಕಾಯುತ್ತಾನೆ.