ನೀರು ಕೇಳಿದ ಮನೆಗಳು

ನಾನು ಓದಿದ ಕಡೂರಿನ ಕಾಲೇಜಿನಿಂದ ಮೊನ್ನೆ ಫೋನ್ ಬಂತು. ನನಗೆ ಕೆಮಿಸ್ಟ್ರಿ ಹೇಳಿಕೊಟ್ಟ ಮೇಷ್ಟ್ರು. "ನಮ್ಮ ಹುಡುಗರಿಗೆ ಒಂದೈದು ನಿಮಿಷ ಮಾತಾಡಮ್ಮ. ಓದೋವಾಗ್ಲೇ ಯಾರಾದ್ರೂ ಕೆಲಸದಲ್ಲಿರೋರ ಹಿಂದೆ ಒಂದು ತಿಂಗಳು ಓಡಾಡಿದ್ರೆ ಏನು ಪ್ರಯೋಜನ ಅಂತ ಹೇಳು. ನಿನಗಿಂತ ಚೆನ್ನಾಗಿ ಯಾರು ಹೇಳ್ತಾರೆ?" ಅಂದರು. ಹೂಂ ಸಾರ್ ಅಂದೆ. ಅಂದವಳು ಹೋಗಲಿಲ್ಲ, ಜ್ವರ ಬಂದಿದೆ ಅಂತ ಸುಳ್ಳು ಹೇಳಿದೆ. ಪ್ರಯೋಜನ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಅದನ್ನು ಮೈಕಿನ ಮುಂದೆ ನಿಂತು, ಅಳದೆ, ಐದು ನಿಮಿಷದಲ್ಲಿ ಹೇಳುವುದು ನನ್ನಿಂದಾಗದ ಕೆಲಸ. ಅದಕ್ಕೇ ಬರೆಯಲು ಕೂತಿದ್ದೇನೆ.

ಆಗ ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಈ ಏರ್ಪಾಟನ್ನು ಹಟ ಹಿಡಿದು ತಂದವರೂ ಅದೇ ಮೇಷ್ಟ್ರು. "ನೀವು ಅಲ್ಲಿ ಕೆಲಸ ಮಾಡಬೇಡಿ, ಅಡ್ಡ ಬರಬೇಡಿ. ಅವರ ನೆರಳಿನ ಹಾಗೆ ಹಿಂದೆ ಇದ್ದು, ಸುಮ್ಮನೆ ನೋಡಿ" ಅಂದಿದ್ದರು. ಯಾರು ಯಾರ ಹಿಂದೆ ಅಂತ ಹಂಚುವ ದಿನವೇ ನಮ್ಮ ಯಗಟಿ ಕಡೆಯ ಬಸ್ಸು ಕೆಟ್ಟು ನಿಂತಿತು. ನಾನು ಕ್ಲಾಸಿಗೆ ಹೋಗುವಷ್ಟರಲ್ಲಿ ಬ್ಯಾಂಕು, ಲ್ಯಾಬು, ತೋಟಗಾರಿಕೆ ಆಫೀಸು ಎಲ್ಲ ಖಾಲಿ. ಉಳಿದಿದ್ದವರು ಒಬ್ಬ ನರ್ಸು. ಆಸ್ಪತ್ರೆಯಲ್ಲಿ ಕೂರುವವರಲ್ಲ, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವವರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಬ್ಯಾಗು ಎಸೆದು ಗೊಣಗಿದರೆ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ತಿಂದ ತಟ್ಟೆ ತೊಳೆಯಲ್ಲ, ಇವ್ಳು ಊರೋರ ಗಾಯ ತೊಳೀತಾಳಂತೆ! ಊರಿಗೆ ಉಪಕಾರಿ, ಮನೆಗೆ ಮಾರಿ!"

ಅವಳು ಹೊಟ್ಟೆ ಹಿಡಿದುಕೊಂಡದ್ದು ನಗುವಿಗೇ ಅಂದುಕೊಂಡಿದ್ದೆ.

ಸಿಸ್ಟರ್ ಗುಂಡಗೆ, ಗಿಡ್ಡಗೆ ಇದ್ದರು. ತರೀಕೆರೆ ಕಡೆಯವರು. ಮೂರು ತಾಲ್ಲೂಕಿಗೆ ಇವರೊಬ್ಬರು, ಇವರಿಗೊಂದು ಹಳೇ ಸ್ಕೂಟರು. ರಸ್ತೆಯಲ್ಲಿ ಮಾತಾಡಿದರೆ ಎದುರು ಬರುವ ಲಾರಿಯವನಿಗೂ ಕೇಳುವಂಥ ಗಂಟಲು. ಹೊಸಿಲು ದಾಟಿದರೆ ಅದೇ ಗಂಟಲು ಪಿಸುಮಾತಾಗುತ್ತಿತ್ತು. ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವಾಸನೆ ಬಂದ್ರೆ ಮೂಗು ಮುಚ್ಕಬಾರ್ದು. ಏನ್ ಕಂಡ್ರೂ ಅಯ್ಯೋ ಅನ್ಬಾರ್ದು. ಇವೆರಡು ನಿನ್ ಕೈಲಾಯ್ತದಾ? ಹಂಗಾದ್ರೆ ಹತ್ತು" ಅಂದರು.

ಮೊದಲು ಹೋದದ್ದು ಬುಕ್ಕಾಂಬುಧಿ ಕಡೆಯ ಒಂದು ಮನೆಗೆ. ಸಕ್ಕರೆ ಕಾಯಿಲೆಯ ಅಜ್ಜ, ಪಾದದಲ್ಲಿ ಮಾಗದ ಹುಣ್ಣು. ನನ್ನನ್ನು ನೋಡಿದ್ದೇ, "ಏನ್ ಸಿಸ್ಟರಮ್ಮ, ಇವತ್ತು ಬಾಲನೂ ಬಂದೈತೆ!" ಅಂದ. ಆ ತಿಂಗಳೆಲ್ಲ ಆ ಮನೆಯಲ್ಲಿ ನನ್ನ ಹೆಸರು ಬಾಲ. ಸೊಸೆ ಲೋಟದಲ್ಲಿ ನೀರು ತಂದಳು. ಸಿಸ್ಟರ್ ಆಗಲೇ ಬ್ಯಾಗು ಬಿಚ್ಚುತ್ತಿದ್ದರು. "ಅಲ್ಲಿಡವ್ವ, ಆಮೇಲೆ ಕುಡೀತೀನಿ. ಮೊದ್ಲು ಕಾಲು ನೋಡಣ" ಅಂದರು. ಹುಣ್ಣು ತೊಳೆದು, ಬಟ್ಟೆ ಸುತ್ತಿ, ಅಜ್ಜನಿಗೆ ಬೈದು, ಸೊಸೆಗೆ ಹೇಳಿಕೊಟ್ಟು, ಹೊರಡುವಾಗ ಆ ನೀರು ಕುಡಿದರು.

ದಾರಿಯಲ್ಲಿ ಪರೀಕ್ಷೆ ಶುರುವಾಯಿತು. "ಏನ್ ನೋಡ್ದೆ?"

"ಗಾಯ."

"ಗಾಯ ನಾನು ನೋಡ್ಕಂತೀನಿ. ನೀನು ಮನುಷ್ಯನ್ನ ನೋಡು. ಊಟದ ತಟ್ಟೆ ನೋಡು, ಎಷ್ಟು ಬಿಟ್ಟವ್ರೆ ಅಂತ. ಉಟ್ಟ ಬಟ್ಟೆ ನೋಡು. ನಮ್ ಜನ ನೋವು ಅಂತ ಬಾಯ್ಬಿಟ್ಟು ಹೇಳಲ್ಲ ಕಣೇ. ಸಡ್ಲ ಆಗಿರೋ ಬಟ್ಟೆ ಹೇಳ್ತೈತೆ."

ಎಷ್ಟು ಪುಸ್ತಕ ಓದಿದ್ದೆ, ಇದು ಯಾವುದರಲ್ಲೂ ಇರಲಿಲ್ಲ. ಬ್ಯಾಂಕಿಗೆ ಹೋಗಿದ್ದ ಗೆಳತಿ ಬಸ್ಸಿನಲ್ಲಿ ಸಿಕ್ಕಾಗ, "ಥೂ, ಅಲ್ಲಿ ಎಸಿ ತಣ್ಣಗಿರುತ್ತೆ ಅನ್ನೋದು ಬಿಟ್ಟು ನಂಗೇನೂ ಹಿಡಿಸಲಿಲ್ಲ ಕಣೇ" ಅಂದಳು. ಕೆಲಸಕ್ಕೆ ಸೇರಿ ಅರ್ಧ ಆಯುಸ್ಸು ಕಳೆದ ಮೇಲೆ ಗೊತ್ತಾಗುವುದು ಅವಳಿಗೆ ತಿಂಗಳಲ್ಲೇ ಗೊತ್ತಾಯಿತಲ್ಲ, ಅದೂ ಲಾಭವೇ. ನನಗೆ ಮಾತ್ರ ಎರಡನೇ ವಾರಕ್ಕೇ ಈ ಕೆಲಸದ ರುಚಿ ಹತ್ತಿತ್ತು.

ಆ ವಾರವೇ ಅಜ್ಜಂಪುರದ ಸ್ಟೇಷನ್ ಹತ್ತಿರದ ಒಂದು ಮನೆಗೆ ಹೋದೆವು. ರವಿಕೆ ಹೊಲಿಯುತ್ತಿದ್ದ ಹೆಂಗಸು. ಹೊಲಿಗೆ ಮಿಶನ್ನಿನ ಮೇಲೆ ಹಳೇ ಸೀರೆ ಹೊದಿಸಿತ್ತು, ಪಕ್ಕದ ಮಂಚದಲ್ಲಿ ಅವರು ಮಲಗಿದ್ದರು. ಸಿಸ್ಟರ್ ಬ್ಯಾಗು ಕೆಳಗಿಟ್ಟರು, ಬಿಚ್ಚಲಿಲ್ಲ. ಮಂಚದ ತುದಿಯಲ್ಲಿ ಕೂತು, ಯಾರೂ ತರುವ ಮೊದಲೇ, "ಕುಡಿಯಕ್ಕೆ ಒಂದಿಷ್ಟು ನೀರು ಕೊಡ್ರವ್ವ" ಅಂದರು. ಕುಡಿದರು. ಆಮೇಲೆ ರೈಲು ತಡವಾಗಿದ್ದು, ಈಗಿನ ಹುಡುಗಿಯರು ಹೊಲಿಸುವ ಬೆನ್ನಿಲ್ಲದ ರವಿಕೆ, ಏನೇನೋ ಮಾತು. ಆ ಹೆಂಗಸು ಒಮ್ಮೆ ನಕ್ಕರು. ಎಷ್ಟೋ ಹೊತ್ತಾದ ಮೇಲೆ ನೋವಿನ ಔಷಧಿ ಕೊಟ್ಟು ಎದ್ದೆವು.

ನನಗೆ ಬಾಯಿ ಕಟ್ಟಿಕೊಂಡು ಇರಲು ಬರುವುದಿಲ್ಲ. "ಏನ್ ಸಿಸ್ಟರ್, ಇನ್ನೂ ಅಷ್ಟು ಮನೆ ಬಾಕಿ ಇದೆ, ಅಲ್ಲಿ ಕೂತು ಹರಟೆ ಹೊಡೆದ್ರಲ್ಲ" ಅಂದೆ. ಸಿಸ್ಟರ್ ಸ್ಕೂಟರನ್ನು ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ.

"ಔಷಧೀಲಿ ವಾಸಿ ಆಗೋರ ಮನೇಗೆ ನಾನು ನರ್ಸಾಗಿ ಹೋಗ್ತೀನಿ. ಕೆಲ್ಸ ಮೊದ್ಲು, ನೀರು ಆಮೇಲೆ" ಅಂದರು. "ಇನ್ನು ವಾಸಿ ಆಗಲ್ಲ ಅನ್ನೋರ ಮನೇಗೆ ನೆಂಟಳಾಗಿ ಹೋಗ್ತೀನಿ. ನೆಂಟ್ರು ಬಂದ್ರೆ ಏನ್ ಮಾಡ್ತಾರೆ ಹೇಳು? ಕೂತ್ಕಂತಾರೆ, ನೀರು ಕುಡೀತಾರೆ. ಅವಸರ ಮಾಡಲ್ಲ." ಅಷ್ಟು ಹೇಳಿ ಸ್ಕೂಟರ್ ಒದ್ದರು. ನಾನು ಹಿಂದೆ ಕೂತು ಕಣ್ಣೊರೆಸಿಕೊಂಡೆ. ಆ ಹೆಂಗಸು ನಕ್ಕದ್ದು ನೆನಪಾಗಿ ತಡೆಯಲಾಗಲಿಲ್ಲ.

ದಿನಾ ಸಂಜೆ ಎಲ್ಲವನ್ನೂ ಅವ್ವನ ಮುಂದೆ ಒಪ್ಪಿಸುತ್ತಿದ್ದೆ. ಅವಳು ಹಿತ್ತಿಲಲ್ಲಿ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಾ ಕೇಳುತ್ತಿದ್ದಳು. ಬುಕ್ಕಾಂಬುಧಿ ಅಜ್ಜ ಎದ್ದು ನಡೆದನಾ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳಾ, ಎಲ್ಲ ವಿಚಾರಣೆ. ನೀರಿನ ಕಥೆ ಹೇಳಿದ ದಿನ ಅವಳ ಕತ್ತಿ ನಿಂತಿತು.

"ಪುಣ್ಯಾತ್ಗಿತ್ತಿ ಕಣೇ" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಅಲ್ಲ, ಆ ಮನೆಯೋರು ಬರೀ ನೀರು ಕೊಟ್ರಾ? ಒಂದ್ ಚೂರು ಬೆಲ್ಲಕ್ಕೂ ಗತಿ ಇಲ್ವಾ?"

"ಅಂಥ ಕಾಯಿಲೆ ಇರೋ ಮನೇಲಿ ಬೆಲ್ಲ ಯಾರಿಗೆ ನೆನಪಾಗುತ್ತವ್ವ?"

"ನೆಂಟ್ರು ಅಂದ್ಮೇಲೆ ನೆಂಟ್ರೇ. ನೆಂಟ್ರಿಗೆ ಬರೀ ನೀರು ಕೊಡ್ಬಾರ್ದು."

ನಮ್ಮ ಮನೆಯ ಕಟ್ಟಳೆ ಅದು. ಕರೆಂಟಿನವನು, ಪೋಸ್ಟಿನವನು ಬಂದರೆ ನೀರು. ನೆಂಟರು ಬಂದರೆ ಬೆಲ್ಲ, ನೀರು. ನಾನು ನಗುತ್ತಾ ಎದ್ದುಹೋದೆ.

ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಭಾನುವಾರ ಅವ್ವ ಹಿತ್ತಿಲಲ್ಲಿ ಬಟ್ಟೆ ಒಣಹಾಕಲು ಕೈಯೆತ್ತಿದಳು. ಅವಳ ಹಸಿರು ರವಿಕೆಯ ಎರಡೂ ಪಕ್ಕದಲ್ಲಿ ಕರೀ ದಾರದ ಕೈಹೊಲಿಗೆ ಕಂಡಿತು. ಅದರ ಒಳಗೆ ಇನ್ನೊಂದು ಸಾಲು. ಒಮ್ಮೆ ಒಳಕ್ಕೆ ಹಿಡಿದು ಹೊಲಿದು, ಅದೂ ಸಡಿಲವಾಗಿ, ಮತ್ತೆ ಹಿಡಿದಿದ್ದಳು. ನಾನು ಹತ್ತಿರ ಹೋದೆ.

"ಅವ್ವ, ರವಿಕೆ ಯಾಕೆ ಹಿಡಿದು ಹೊಲಿದಿದ್ದೀಯ?"

"ಆ ಟೈಲರ್ ಮುಂಡೇದು ಸಡ್ಲ ಹೊಲ್ದಿದ್ದ."

"ಸುಳ್ಳು ಹೇಳ್ಬೇಡ. ಯುಗಾದಿಗೆ ಹೊಲಿಸಿದ್ದು ಅದು. ಆವಾಗ ತೋಳೇ ಹಿಡಿಸಲ್ಲ ಅಂತ ನೀನೇ ಅವನನ್ನ ಬೈತಿದ್ದೆ."

ಅವಳು ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಆ ಮಧ್ಯಾಹ್ನ ಅವಳ ತಟ್ಟೆ ನೋಡಿದೆ. ಮುದ್ದೆ ಮುರಿದಿದ್ದು ಎರಡೇ ತುತ್ತು, ಉಳಿದದ್ದು ನಾಯಿಗೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ ಮೂರು ತಾಲ್ಲೂಕಿನ ತಟ್ಟೆ ನೋಡಿಕೊಂಡು ಬರುತ್ತಿದ್ದವಳು ನಾನು. ಸಿಸ್ಟರಿಗೆ ಫೋನ್ ಮಾಡಿದೆ. "ನಾಳೇನೇ ಕರ್ಕಂಡು ಹೋಗು. ಹಬ್ಬ, ಹುಣ್ಣಿಮೆ ಅಂತ ತಳ್ಳಬೇಡ" ಅಂದರು.

ಶಿವಮೊಗ್ಗದಲ್ಲಿ ತೋರಿಸಿದೆವು. ಹೊಟ್ಟೆಯೊಳಗೆ ಗಂಟು. ತಡವಾಗಿದೆ, ಆದರೂ ನೋಡೋಣ ಅಂದರು ಡಾಕ್ಟರು. ನಾನು ಬ್ಯಾಂಕಿಗೆ ಹೋಗಿದ್ದರೆ ಆ ಹೊಲಿಗೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಇನ್ನೊಂದು ವರ್ಷ ಮೊದಲೇ ಸಿಸ್ಟರ್ ಹಿಂದೆ ಹೋಗಿದ್ದರೆ? ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಚಿಕಿತ್ಸೆ ಶುರುವಾಯಿತು. ಅವ್ವನ ಕೂದಲು ಹೋಯಿತು. "ಎಣ್ಣೆ ಖರ್ಚು ಉಳೀತು ಬಿಡು" ಅಂತ ಅವಳೇ ನಗಾಡಿದಳು. ನಡುನಡುವೆ ಆರೈಕೆಗೆ ಸಿಸ್ಟರ್ ನಮ್ಮ ಮನೆಗೂ ಬರತೊಡಗಿದರು. ಅವರು ಮೊದಲ ಸಲ ಬಂದಾಗ ನಾನು ನೀರು ಹಿಡಿದು ನಿಂತೆ. ನನ್ನ ಜೀವವೆಲ್ಲ ಅವರ ಕೈಯ ಮೇಲಿತ್ತು. ಅವರು ಬ್ಯಾಗು ಬಿಚ್ಚಿದರು. "ಅಲ್ಲಿಡು ಮಗಾ, ಆಮೇಲೆ" ಅಂದರು. ನಾನು ಹಿತ್ತಿಲಿಗೆ ಓಡಿ, ತೆಂಗಿನ ಮರ ತಬ್ಬಿಕೊಂಡು ಹುಚ್ಚಿಯ ಹಾಗೆ ಅತ್ತೆ. ಅವ್ವ ಉಳಿಯುತ್ತಾಳೆ, ಅವ್ವ ಉಳಿಯುತ್ತಾಳೆ ಅಂತ ಗಟ್ಟಿಯಾಗಿ ಹೇಳಿಕೊಂಡೆ.

ಆಮೇಲೆ ಅದೇ ನನ್ನ ವ್ರತವಾಯಿತು. ಸ್ಕೂಟರಿನ ಸದ್ದು ಕೇಳಿದರೆ ಸಾಕು, ನೀರು ತಗೊಂಡು ಬಾಗಿಲಿಗೆ ಬರುತ್ತಿದ್ದೆ. ಪ್ರತಿ ಸಲವೂ "ಅಲ್ಲಿಡು, ಆಮೇಲೆ." ಆ ಮಾತು ಕೇಳಿದ ದಿನ ನನಗೆ ಊಟ ಸೇರುತ್ತಿತ್ತು. ಇದೆಲ್ಲ ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಹಿತ್ತಿಲಲ್ಲಿ ಕೂತು ನಾನೇ ಹೇಳಿದ್ದ ಕಥೆ ಅವ್ವನಿಗೆ ಮರೆತುಹೋಗಿರಬೇಕು, ಇಷ್ಟು ಸಂಕಟದಲ್ಲಿ ಯಾರಿಗೆ ನೆನಪಿರುತ್ತದೆ ಅಂತ.

ಬೇಸಿಗೆಯ ಹೊತ್ತಿಗೆ ಮತ್ತೆ ಸ್ಕ್ಯಾನಿಂಗ್ ಆಯಿತು. ರಿಪೋರ್ಟು ತೋರಿಸಲು ಅಪ್ಪ ಒಬ್ಬರೇ ಶಿವಮೊಗ್ಗಕ್ಕೆ ಹೋಗಿ ಬಂದರು. "ವಾಸಿ ಆಗ್ತೈತಂತೆ" ಅಂದು, ಚಪ್ಪಲಿ ಕೂಡ ಬಿಡದೆ ತೋಟಕ್ಕೆ ನಡೆದರು. ಡಾಕ್ಟರು ಬೇರೆ ಏನಾದರೂ ಹೇಳಿದರಾ ಅಂತ ಬೆನ್ನ ಹಿಂದೆ ಕೂಗಿದೆ. ಅವರು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸಿಸ್ಟರ್ ಬಂದರು. ಅದು ಅವರು ಬರುವ ದಿನವಲ್ಲ. ಅಪ್ಪ ತೋಟದಿಂದಲೇ ಅವರಿಗೆ ಫೋನ್ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಸ್ಕೂಟರ್ ನಿಲ್ಲಿಸಿ, ಬ್ಯಾಗನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಮಗಾ, ಕುಡಿಯಕ್ಕೆ ಒಂದಿಷ್ಟು ನೀರು ಕೊಡೇ."

"ನೀರಿಲ್ಲ" ಅಂದೆ.

ಅವರು ಈಗ ನನ್ನ ಮುಖ ನೋಡಿದರು.

"ನೀರಿಲ್ಲ ಸಿಸ್ಟರ್. ಮೋಟರ್ ಸುಟ್ಟೋಗಿದೆ." ಹಿತ್ತಿಲಲ್ಲಿ ತೊಟ್ಟಿಗೆ ನೀರು ಧೋ ಅಂತ ಬೀಳುತ್ತಿತ್ತು. ಇಬ್ಬರಿಗೂ ಕೇಳಿಸುತ್ತಿತ್ತು. "ಬ್ಯಾಗ್ ತೆಗೀರಿ. ಮೊದ್ಲು ಬ್ಯಾಗ್ ತೆಗೀರಿ ಸಿಸ್ಟರ್!" ಅಂತ ಕಿರುಚಿದೆ. ಅವರು ಬ್ಯಾಗು ಮುಟ್ಟಲಿಲ್ಲ. ನಾನೇ ಅದನ್ನು ಎತ್ತಿ ಅವರ ಮಡಿಲಿಗಿಟ್ಟೆ. ಅವರು ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡರು. ನಾನು ಕಿತ್ತುಕೊಂಡೆ.

ಒಳಗಿನಿಂದ ಅವ್ವನ ದನಿ ಬಂತು. "ಲೇ, ಮನೆಗೆ ಬಂದೋರಿಗೆ ನೀರಿಲ್ಲ ಅಂತೀಯೇನೇ? ನಾಚ್ಕೆ ಆಗಲ್ವಾ ನಿಂಗೆ? ಬಿಂದಿಗೆ ತುಂಬ ಐತಲ್ಲೇ!"

ನಾನು ಕದಲಲಿಲ್ಲ. ಒಳಗೆ ಮಂಚ ಕಿರುಗುಟ್ಟಿತು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಎಷ್ಟೋ ದಿನದಿಂದ ಯಾರಾದರೂ ಹಿಡಿದುಕೊಳ್ಳದೆ ಎದ್ದಿರದ ಅವ್ವ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಲೋಟ ಇಟ್ಟ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ನೀರು ತುಳುಕಿ ತಟ್ಟೆಯೆಲ್ಲ ಒದ್ದೆಯಾಗಿತ್ತು. ನೀರಿನ ಪಕ್ಕದಲ್ಲಿ ಒಂದು ಚೂರು ಬೆಲ್ಲ.

ನಾನು ಆ ಬೆಲ್ಲ ನೋಡಿದೆ. ಅವಳು ನಾನು ನೋಡಿದ್ದನ್ನು ನೋಡಿದಳು.

"ಏನ್ ಹಂಗ್ ನೋಡ್ತೀಯ?" ಅಂದಳು. "ನೆಂಟ್ರಿಗೆ ಬರೀ ನೀರು ಕೊಡ್ತಾರೇನೇ?"

ಸಿಸ್ಟರ್ ಎದ್ದು ಎರಡೂ ಕೈಯಿಂದ ತಟ್ಟೆ ತಗೊಂಡರು. ಬೆಲ್ಲ ಬಾಯಿಗೆ ಹಾಕಿಕೊಂಡು, ಲೋಟದ ನೀರನ್ನು ಪೂರ್ತಿ ಕುಡಿದರು. ಅವ್ವ ಅವರ ಪಕ್ಕದಲ್ಲಿ ಕೂತು, ಬುಕ್ಕಾಂಬುಧಿಯ ಅಜ್ಜ ಈಗ ಹೇಗಿದ್ದಾನೆ ಅಂತ ಕೇಳಿದಳು.