ದುರ್ಬೀನಿನ ಪರೀಕ್ಷೆ
ದುರ್ಬೀನು ರಿಪೇರಿಯವರಿಗೆ ಎದುರು ನಿಂತ ಗಿರಾಕಿಗಿಂತ ಅರ್ಧ ಮೈಲಿ ಆಚೆಯ ನೀರಿನ ಟ್ಯಾಂಕಿನ ಮೇಲೆ ಕೂರುವ ಕಾಗೆಯೇ ಹೆಚ್ಚು ಪರಿಚಯ. ಗಾಜನ್ನು ಹಳೇ ಬನಿಯನ್ನಿನ ಚೂರಿನಿಂದ ಹಸುಗೂಸಿನ ಕೆನ್ನೆಯಂತೆ ಒರೆಸುತ್ತಾರೆ, ಯಾರಾದರೂ ಅದಕ್ಕೆ ಬೆರಳು ತಾಗಿಸಿದರೆ ತಮ್ಮ ಕಣ್ಣಿಗೇ ಚುಚ್ಚಿದ ಹಾಗೆ "ಅಯ್ಯಯ್ಯೋ!" ಎಂದು ಕೂಗುತ್ತಾರೆ. ಆದರೆ ಕೆಲಸ ಮುಗಿದ ದಿನವೇ ದುರ್ಬೀನು ಕೊಡುವವರಲ್ಲ. "ರಿಪೇರಿ ಆಯ್ತಲ್ಲ, ಕೊಡಿ ಸ್ವಾಮಿ" ಎಂದರೆ, "ಪರೀಕ್ಷೆ ಬಾಕಿ ಇದೆ, ನಾಳೆ ಬನ್ನಿ" ಎನ್ನುತ್ತಾರೆ. ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಸಂಜೆ ಅದನ್ನು ಮನೆಯ ಬಾಲ್ಕನಿಗೆ ಒಯ್ದು, ಕಣ್ಣು ಹೋದ ಹೆಂಡತಿಯ ಪಕ್ಕ ಕೂತು, ಕಂಡದ್ದನ್ನೆಲ್ಲ ಹೇಳುತ್ತಾರೆ. "ರೀ, ಕಾಗೆ ಬಾಯಲ್ಲಿ ಏನಿದೆ?" "ಕಡ್ಡಿ ಕಣೇ, ತುದಿಯಲ್ಲಿ ಒಂದು ಚಿಗುರೆಲೆ." "ಹ್ಞೂಂ, ಈಗ ಕಾಣ್ತು" ಎಂದು ಆಕೆ ತಲೆಯಾಡಿಸಿದ ಮೇಲೆಯೇ ದುರ್ಬೀನು ಪರೀಕ್ಷೆಯಲ್ಲಿ ಪಾಸು.